ಮೊದಲು ಅಡಿಕೆ ಹಾಳೆ ಎಳೆಸಿ, ಆಮೇಲೆ ಸೂತ್ರ ಬರೆಸಿ

9ನೇ ಕ್ಲಾಸಿನ ವಿಜ್ಞಾನದ 'ಕೆಲಸ' ಪಾಠವನ್ನು ಬೋರ್ಡಿನ ಮೇಲೆ ಸೂತ್ರ (ಕೆಲಸ = ಬಲ × ಬಲದ ದಿಕ್ಕಿನಲ್ಲಿ ಸರಿದ ದೂರ) ಬರೆದು ಶುರು ಮಾಡಬೇಡಿ. ಮೊದಲ ವರ್ಷ ನಾನು ಹಾಗೇ ಮಾಡಿದ್ದೆ. ತಲೆ ಮೇಲೆ ಮೂಟೆ ಹೊತ್ತು ಸಮತಟ್ಟು ನೆಲದಲ್ಲಿ ನಡೆದರೆ ಮೂಟೆಯ ಮೇಲೆ ಆದ ಕೆಲಸ ಸೊನ್ನೆ ಅಂದೆ. ಹಿಂದಿನ ಬೆಂಚಿನವನೊಬ್ಬ, 'ಸರ್, ಹಂಗಾದ್ರೆ ಅಡಿಕೆ ಮಂಡಿಲಿ ಹಮಾಲಿ ಮಾಡೋ ನಮ್ಮಪ್ಪ ದಿನಾ ಸುಮ್ನೆ ಇರ್ತಾರಾ?' ಅಂದ. ಉತ್ತರ ಹೊಳೆಯದೆ ಒದ್ದಾಡಿಬಿಟ್ಟೆ.

ಈಗ ಪಾಠ ಅಂಗಳದಲ್ಲೇ. ತೋಟದಿಂದ ದೊಡ್ಡದೊಂದು ಅಡಿಕೆ ಹಾಳೆ ತರಿಸಿ. ಹಾಳೆ ಮೇಲೆ ಕೂರಿಸಿ ಎಳೆಯುವ ಆಟ ಮಲೆನಾಡಿನ ಮಕ್ಕಳಿಗೆ ಹೇಳಿಕೊಡಬೇಕಾ! ಹಾಳೆಗೆ ಹಗ್ಗ ಕಟ್ಟಿ, ನಡುವೆ ಮೂಟೆ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ. ಒಬ್ಬ ಸಣ್ಣ ಹುಡುಗ ಕೂರಲಿ, ಇನ್ನೊಬ್ಬ ಹಗ್ಗವನ್ನು ನೆಲದ ಹತ್ತಿರ ಹಿಡಿದು ಒಂದೇ ಸಮ ಎಳೆಯಲಿ. ತಕ್ಕಡಿ 12 ಕೆಜಿ ತೋರಿಸಿತು ಅಂದುಕೊಳ್ಳಿ, ಹತ್ತರಿಂದ ಗುಣಿಸಿದರೆ ಸುಮಾರು 120 ನ್ಯೂಟನ್ ಬಲ. 5 ಮೀಟರ್ ಎಳೆದರೆ 600 ಜೂಲ್ ಕೆಲಸ. ಈಗ ಹಿಂದಿನಿಂದ ಇಬ್ಬರು ಹಾಳೆಯನ್ನು ಗಟ್ಟಿಯಾಗಿ ಹಿಡಿಯಲಿ. ಎಳೆಯುವವನು ಬೆವರುತ್ತಾನೆ, ತಕ್ಕಡಿ 20 ದಾಟುತ್ತದೆ, ಹಾಳೆ ಮಾತ್ರ ಇದ್ದಲ್ಲೇ. ಎಷ್ಟು ಜೂಲ್ ಅಂತ ಕೇಳಿ, ಸೊನ್ನೆ ಅಂತ ಅವರೇ ಹೇಳುತ್ತಾರೆ.

ಆಮೇಲೆ ಹಗ್ಗವನ್ನು ಓರೆಯಾಗಿ ಮೇಲಕ್ಕೆತ್ತಿ ಎಳೆಸಿ. ಬಲದ ಒಂದು ಪಾಲು ಮುಂದಕ್ಕೆ ಎಳೆದರೆ ಇನ್ನೊಂದು ಪಾಲು ಹುಡುಗನನ್ನು ಮೇಲೆತ್ತಲು ನೋಡುತ್ತದೆ. 60 ಡಿಗ್ರಿ ಓರೆಯಾದರೆ ಅರ್ಧ ಬಲ ಮಾತ್ರ ಲೆಕ್ಕಕ್ಕೆ. ಪೂರ್ತಿ ನೆಟ್ಟಗಾದರೆ ಏನೂ ಇಲ್ಲ. ಈ ಓರೆಯ ಲೆಕ್ಕಕ್ಕೆ ಬಳಸುವ ಕಾಸ್ ಥೀಟಾ ಈಗಲೇ ಬೇಡ, ಪಿಯುಸಿಗೆ ಇರಲಿ. ಒದ್ದೆ ಹುಲ್ಲಿನ ಮೇಲೂ ಒಂದು ಸಲ ಎಳೆಸಿ, ಘರ್ಷಣೆ ಹಿಂದಕ್ಕೆ ಎಳೆಯುತ್ತಾ ಋಣ ಕೆಲಸ ಮಾಡುತ್ತದೆ ಅನ್ನೋದನ್ನು ಅಲ್ಲೇ ತೋರಿಸಬಹುದು.

ಮೂಟೆಯ ಮಾತು ಈಗ ತೆಗೆಯಿರಿ. ತಲೆ ಮೂಟೆಯನ್ನು ಮೇಲಕ್ಕೆ ಒತ್ತುತ್ತದೆ, ಮೂಟೆ ಹೋಗುವುದು ಮುಂದಕ್ಕೆ, ಅದಕ್ಕೇ ಸೊನ್ನೆ. ಅದೇ 50 ಕೆಜಿ ಮೂಟೆಯನ್ನು 1.2 ಮೀಟರ್ ಎತ್ತಿ ಲಾರಿಗೆ ಹಾಕಿದರೆ 600 ಜೂಲ್, ಹಾಳೆ ಎಳೆದಷ್ಟೇ! ಮತ್ತೆ ಬರೀ ಹೊತ್ತು ನಡೆದರೂ ಸುಸ್ತು ಯಾಕೆ? ಭಾರ ಹಿಡಿದಿಡಲು ಸ್ನಾಯುಗಳು ಒಳಗೊಳಗೇ ಬಿಗಿಯುತ್ತಲೇ ಇರುತ್ತವೆ, ಉಂಡ ಅನ್ನದ ಶಕ್ತಿ ಶಾಖವಾಗಿ ಹೋಗುತ್ತದೆ. ಅಪ್ಪನ ದುಡಿಮೆ ಸೊನ್ನೆ ಅಂತ ಅಲ್ಲವೇ ಅಲ್ಲ, ಇದನ್ನು ಬಾಯಿಬಿಟ್ಟು ಹೇಳಿ. 1829ರಲ್ಲಿ ಫ್ರಾನ್ಸಿನ ಗಣಿತಜ್ಞ ಕೊರಿಯೊಲಿಸ್ 'ಕೆಲಸ' ಅನ್ನೋ ಪದವನ್ನು ಈ ಅರ್ಥದಲ್ಲಿ ಬಳಸಿದ್ದು ಯಂತ್ರಗಳ ಲೆಕ್ಕಕ್ಕೆ, ಹಮಾಲರ ಕೂಲಿ ಲೆಕ್ಕಕ್ಕಲ್ಲ.

ಹೋಂವರ್ಕಿಗೆ ಮನೆ ಬಾವಿ ಕೊಡಿ. ನೀರು ತುಂಬಿದ ಕೊಡ 10 ಕೆಜಿ, ಆಳ 8 ಮೀಟರ್ ಆದರೆ 800 ಜೂಲ್. ರಾಟೆ ಇದ್ದರೆ ಕೆಲಸ ಕಡಿಮೆ ಆಗುತ್ತಾ ಅಂತಲೂ ಕೇಳಿ. ಅರ್ಧ ಕ್ಲಾಸು ಹೌದು ಅನ್ನುತ್ತದೆ. ಒಂದೇ ರಾಟೆ ಎಳೆಯುವ ದಿಕ್ಕನ್ನಷ್ಟೇ ಬದಲಿಸುತ್ತದೆ, ಅದರ ಕೀರಲು ಘರ್ಷಣೆಗೆ ಒಂದಿಷ್ಟು ಜಾಸ್ತಿಯೇ ಬೇಕು. ಏಪ್ರಿಲ್‌ನಲ್ಲಿ ನೀರು ತಳ ಕಂಡಾಗ ಇನ್ನೊಮ್ಮೆ ಅಳೆಯಲಿ.