ರಾಯರ ದರ್ಬಾರಿನಲ್ಲಿ ಚೆಂಡುಹೂವಿಗೆ ಜಾಗ ಇಲ್ಲ

ಕೃಷ್ಣದೇವರಾಯನ ದರ್ಬಾರಿನ ದೃಶ್ಯಕ್ಕೆ ಬಟ್ಟೆಬರೆ ಮಾಡಿಕೊಡುವ ಕೆಲಸ ಬಂದಾಗ ನಾನು ಮೊದಲು ಪಕ್ಕಕ್ಕಿಟ್ಟಿದ್ದು ಹಳೆಯ ಸಿನಿಮಾಗಳನ್ನು. ಆ ಥಳಥಳ ಕಿರೀಟ, ಭುಜಕೀರ್ತಿ ಎಲ್ಲ ಹೆಚ್ಚಾಗಿ ನಾಟಕ ಕಂಪನಿಗಳ ಬಳುವಳಿ.

ಹಂಪಿಯ ಅರಮನೆಗಳಲ್ಲಿ ಕಲ್ಲಿನ ಜಗತಿ ಬಿಟ್ಟರೆ ಉಳಿದಿರೋದು ಕಡಿಮೆ. ಮೇಲಿದ್ದ ಮರದ ಕೆಲಸ ಎಲ್ಲ ಹೋಗಿದೆ. ಹಾಗಾಗಿ ಸೆಟ್ ಹಾಕುವವರು ಊಹೆ ಮಾಡಲೇಬೇಕು. ಬಟ್ಟೆಯ ಕಥೆ ಬೇರೆ. ತಿರುಮಲದಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ರಾಯನ ಲೋಹದ ಪ್ರತಿಮೆ ಇದೆ. ತಲೆ ಮೇಲೆ ಎತ್ತರದ ಕುಲಾವಿ, ಅಂದರೆ ಟೋಪಿ. ಆಂಧ್ರದ ಲೇಪಾಕ್ಷಿ ದೇವಸ್ಥಾನದ ಚಿತ್ರಗಳು ರಾಯನ ನಂತರ ಪಟ್ಟಕ್ಕೆ ಬಂದ ತಮ್ಮ ಅಚ್ಯುತರಾಯನ ಕಾಲದವು. ಅಲ್ಲೂ ಗಂಡಸರ ತಲೆ ಮೇಲೆ ಅದೇ ಕುಲಾವಿ, ಮೈಮೇಲೆ ಕಬಾಯಿ ಅನ್ನೋ ಉದ್ದನೆಯ ನಿಲುವಂಗಿ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಕಂಡ ರಾಜ ಚಿನ್ನದ ಹೂಕಸೂತಿಯ ಬಿಳಿ ಬಟ್ಟೆ ಉಟ್ಟಿದ್ದ. ಕೊರಳಲ್ಲಿ ವಜ್ರ, ತಲೆಗೆ ಜರಿ ಟೋಪಿ. ಕಾಲಿಗೆ ಏನೂ ಇಲ್ಲ!

ಕುಲಾವಿ ಹೊಲಿಸೋದೇ ದೊಡ್ಡ ತಲೆನೋವಾಯಿತು. ಒಳಗೆ ಬಕ್ರಮ್ (ಬಿರುಸಾಗಿ ನಿಲ್ಲೋಕೆ ಹಾಕುವ ಗಟ್ಟಿ ಬಟ್ಟೆ) ಒಂದೇ ಪದರ ಹಾಕಿದರೆ ತುದಿ ಬಾಗುತ್ತೆ, ಮೂರು ಪದರ ಹಾಕಿದರೆ ಬಕೆಟ್ ಹೊತ್ತ ಹಾಗೆ ಕಾಣುತ್ತೆ. ಕೊನೆಗೆ ಎರಡು ಪದರ, ಮೇಲೆ ಜರಿ ಬಟ್ಟೆ, ಬೆವರು ಹೀರೋಕೆ ಒಳಗಡೆ ಹತ್ತಿಯ ಪಟ್ಟಿ. “ಕಿರೀಟ ಇಲ್ದಿದ್ರೆ ರಾಜ ಅಂತ ಹೆಂಗ್ ಗೊತ್ತಾಗುತ್ತೆ ಮೇಡಂ?” ಅಂತ ನಿರ್ದೇಶಕರು ಕೇಳಿದರು. ಎಲ್ಲರೂ ನಿಂತಿರುವಾಗ ಅವನೊಬ್ಬನೇ ಕೂತಿರುತ್ತಾನಲ್ಲ ಸರ್, ಅಂದೆ.

ಬರಿಗಾಲಿನ ವಿಷಯದಲ್ಲಿ ನಾನು ಜಗ್ಗಲಿಲ್ಲ. ರಾಜನ ಮುಂದೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ ಅಂತ ಪೇಸ್ ಬರೆದಿದ್ದಾನೆ. ಆದರೆ ಬಾಡಿಗೆ ಅಂಗಡಿಯಿಂದ ತುದಿ ಸುರುಳಿಯ ಮೋಜಡಿಗಳು ಮೂಟೆಗಟ್ಟಲೆ ಬಂದಿದ್ದವು. ವಾಪಸ್ ಕಳಿಸಿದೆ. ಪ್ಲೈವುಡ್ ನೆಲದಲ್ಲಿ ಮೊಳೆ ಎದ್ದಿದೆಯಾ ಅಂತ ಪ್ರತಿ ಶಾಟ್‌ಗೂ ಮುಂಚೆ ಕೈಯಾಡಿಸಿ ನೋಡೋ ಕೆಲಸ ನಮ್ಮ ಹುಡುಗರ ಪಾಲಿಗೆ ಬಂತು.

ಹೂವು, ಹಣ್ಣು ನನ್ನ ವಿಭಾಗ ಅಲ್ಲ. ಆದರೂ ಬಾಯಿ ಹಾಕಿದೆ. ಕಂಬಕ್ಕೆಲ್ಲ ಚೆಂಡುಹೂವಿನ ಹಾರ, ತಟ್ಟೆಯಲ್ಲಿ ಅನಾನಸ್, ಪರಂಗಿ, ಸೀಬೆ. ಇವೆಲ್ಲ ಮೂಲದಲ್ಲಿ ಅಮೆರಿಕ ಖಂಡದವು. ಪೋರ್ಚುಗೀಸರು ಗೋವಾ ಹಿಡಿದಿದ್ದೇ 1510ರಲ್ಲಿ, ರಾಯ ಪಟ್ಟಕ್ಕೆ ಬಂದ ಮರುವರ್ಷ. ಅಷ್ಟು ಬೇಗ ಇವು ಹಂಪಿಯ ಕಂಬಕ್ಕೂ ತಟ್ಟೆಗೂ ಬಂದಿದ್ದವು ಅಂತ ನಂಬೋದು ಕಷ್ಟ. ಮಲ್ಲಿಗೆ, ಸಂಪಿಗೆ, ಮಾವಿನ ತೋರಣ ಹಾಕಿಸಿದರು. ದಾಳಿಂಬೆ, ದ್ರಾಕ್ಷಿ, ಹಲಸು ಇಟ್ಟರು. ಇವು ಪೇಸ್ ಕಂಡ ಸಂತೆಯಲ್ಲೇ ಇದ್ದವು.

ಹೆಂಗಸರ ಬಟ್ಟೆಯಲ್ಲಿ ಮಾತ್ರ ರಾಜಿ ಆಗಬೇಕಾಯಿತು. ಆಗಿನ ಶಿಲ್ಪದಲ್ಲಿ ಇರೋ ಹಾಗೆ ತೆರೆ ಮೇಲೆ ತೋರಿಸೋಕಾಗಲ್ಲ, ಅಲ್ವಾ? ಎಲ್ಲರಿಗೂ ಕುಪ್ಪಸ ಹೊಲಿಸಿದೆ. ಸೀರೆಯ ಪಟ್ಟೆ, ಚೌಕಳಿ, ಪಕ್ಕಕ್ಕೆ ಕಟ್ಟಿದ ದೊಡ್ಡ ತುರುಬು ಲೇಪಾಕ್ಷಿಯಿಂದಲೇ ತಗೊಂಡೆ. ಬಣ್ಣವೂ ಅಲ್ಲಿನದೇ, ಕೆಮ್ಮಣ್ಣು, ಕಾವಿ, ಕಪ್ಪು. ಗಿಡಮೂಲಿಕೆ ಬಣ್ಣ ಹಾಕಿದ ನೂಲಿನ ಸೀರೆ ದುಬಾರಿ. ಕ್ಯಾಮೆರಾ ಹತ್ತಿರ ನಿಲ್ಲೋರಿಗಷ್ಟೇ ಅದನ್ನು ಕೊಟ್ಟೆ. ಹಿಂದಿನ ಸಾಲಿನವರ ಸೀರೆಗಳು ಮಾಮೂಲಿ ಹತ್ತಿ ಸೀರೆಗಳು. ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಹೊಳಪು ಇಳಿಸಿದೆವು.