ಒಂದು ಮಚ್ಚು, ಒಂದು ಚೂರಿ: ಮೊದಲ ಕೆಲಸದಲ್ಲಿ ಕಂಡದ್ದು

ಒರಟು ಕೆಲಸಕ್ಕೆ ಅಂತ ಈ ಸಲ ಎರಡು ಹೊಸ ಅಲಗು ಮಾಡಿಸಿದೆ. ಒಂದು ಮಚ್ಚು, ಮಂಡ್ಯ ಕಡೆಯ ಒಂದು ಕುಲುಮೆಯಲ್ಲಿ ಲಾರಿ ಸ್ಪ್ರಿಂಗ್ ಪಟ್ಟಿಯಿಂದ ತಟ್ಟಿಸಿದ್ದು. ಇನ್ನೊಂದು ಚೂರಿ, ಮೈಸೂರಿನಲ್ಲಿ ಹವ್ಯಾಸಕ್ಕೆ ಚೂರಿ ಮಾಡುವ ಒಬ್ಬ ಯುವಕ ಮನೆ ಹಿತ್ತಲಿನ ಶೆಡ್‌ನಲ್ಲಿ ಮಾಡಿಕೊಟ್ಟಿದ್ದು. ಚೂರಿಗೆ ಕೊಟ್ಟ ದುಡ್ಡಲ್ಲಿ ಅಂಥ ಮಚ್ಚು ಏಳೆಂಟು ಬರುತ್ತಿದ್ದವು. ನಮ್ಮ ತೋಟ ಪಾಂಡವಪುರದ ಹತ್ತಿರ. ತೆಂಗು, ಒಂದಿಷ್ಟು ಕಬ್ಬು, ಬದುವಿನ ತುಂಬ ಲಂಟಾನ, ಅಲ್ಲಲ್ಲಿ ಸೀಮೆಜಾಲಿ. ಎರಡಕ್ಕೂ ಅಲ್ಲೇ ಪರೀಕ್ಷೆ ನಡೆಯಿತು.

ಮೊದಲು ಅಳತೆ ಹೇಳಿಬಿಡುತ್ತೇನೆ. ಮಚ್ಚಿನ ಅಲಗು 11 ಇಂಚು. ಬೆನ್ನು ಹಿಡಿಯ ಹತ್ತಿರ 6 ಮಿ.ಮೀ., ತುದಿಗೆ ಬರುವಷ್ಟರಲ್ಲಿ 4 ಮಿ.ಮೀ. ತೂಕ 680 ಗ್ರಾಂ. ಚೂರಿಯ ಅಲಗು 6 ಇಂಚು, ಬೆನ್ನು 5 ಮಿ.ಮೀ., ತೂಕ 380 ಗ್ರಾಂ. ಚೂರಿಯ ಉಕ್ಕು ಹಿಡಿಯ ಕೊನೆವರೆಗೂ ಅಗಲವಾಗಿ ಬಂದಿದೆ. ಎರಡೂ ಕಡೆ ಬಟ್ಟೆ ಮತ್ತು ರಾಳ ಸೇರಿಸಿ ಒತ್ತಿದ ಮೈಕಾರ್ಟಾ ಪಟ್ಟಿ, ಮೂರು ಹಿತ್ತಾಳೆ ಮೊಳೆ. ಉಗುರು ಎಳೆದರೂ ಸಂದು ಸಿಗೋದಿಲ್ಲ. ಮಚ್ಚಿನದು ಹಳೇ ಪದ್ಧತಿ. ಬಾಲದ ಹಾಗೆ ಸಣ್ಣಗೆ ಎಳೆದ ಉಕ್ಕನ್ನು ಕಾಯಿಸಿ ಜಾಲಿ ಮರದ ಹಿಡಿಯೊಳಗೆ ಇಳಿಸಿ, ಹಿಡಿಯ ಬಾಯಿಗೆ ಕಬ್ಬಿಣದ ಬಳೆ ತೊಡಿಸಿದ್ದಾರೆ. ಅಲಗಿನ ಮೇಲೆ ಸುತ್ತಿಗೆ ಗುರುತು ಹಾಗೇ ಇವೆ. ನನಗೆ ಅದು ಇಷ್ಟ.

ಕುಲುಮೆಯಲ್ಲಿ ಹದ ಹಾಕುವಾಗ, ಅಂದರೆ ಅಲಗನ್ನು ಕಾಯಿಸಿ ತಣಿಸಿ ಬೇಕಾದಷ್ಟು ಗಡಸು ಮಾಡುವಾಗ, ನಾನು ಪಕ್ಕದಲ್ಲೇ ನಿಂತಿದ್ದೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಅಲಗಿನ ಜಾತಕ ಬರೆಯೋದು ಅಲ್ಲೇ. ಯಜಮಾನರು ಬಿಸಿಲಲ್ಲಿ ಹದ ಹಾಕೋದಿಲ್ಲ, ಕೆಂಡದ ಬಣ್ಣ ಸರಿಯಾಗಿ ಕಾಣಲ್ಲ ಅಂತ. ಸಂಜೆ ಕತ್ತಲಾಗುತ್ತಾ ಬಂದ ಮೇಲೆ ಶುರು ಮಾಡಿದರು. ಬಾಯಿಯ, ಅಂದರೆ ಕಡಿಯುವ ಅಂಚಿನ, ಉದ್ದಕ್ಕೂ ಒಂದೇ ಸಮ ಕೆಂಪು ಬಂದ ಕೂಡಲೇ ಎತ್ತಿ, ಎರಡು ಬೆರಳಷ್ಟು ಮಾತ್ರ ಹಳೇ ಇಂಜಿನ್ ಆಯಿಲ್‌ನಲ್ಲಿ ಅದ್ದಿದರು. ಬೆನ್ನು ಹೊರಗೇ ಕೆಂಪಗಿತ್ತು. ಹೊಗೆ ನಿಲ್ಲುವ ಮೊದಲೇ ಎತ್ತಿ, ಬಾಯಿಯ ಮೇಲಿನ ಕರಿಯನ್ನು ಇಟ್ಟಿಗೆ ಚೂರಿನಲ್ಲಿ ಉಜ್ಜಿ ಹೊಳಪು ತಂದರು. ಆಮೇಲೆ ಸುಮ್ನೆ ಕಾದರು. ಬೆನ್ನಿನಲ್ಲಿ ಉಳಿದ ಕಾವು ಮೆಲ್ಲಗೆ ಬಾಯಿ ಕಡೆ ಇಳಿಯುತ್ತೆ. ಉಜ್ಜಿದ ಜಾಗದಲ್ಲಿ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಅದರ ಹಿಂದೆ ನೇರಳೆ, ನೀಲಿ. ಬಣ್ಣದ ಪಟ್ಟೆಗಳು ಒಂದರ ಹಿಂದೆ ಒಂದು ನಡೆದು ಬರೋದು ಕಣ್ಣಿಗೆ ಕಾಣುತ್ತೆ. ಕಂದು ಬಾಯಿ ಮುಟ್ಟಿದ ಗಳಿಗೆಗೆ ಇಡೀ ಅಲಗನ್ನು ಎಣ್ಣೆಗೆ ಬಿಟ್ಟರು.

ಆ ಬಣ್ಣ ಉಕ್ಕಿನ ಮೇಲೆ ಕೂರುವ ಆಕ್ಸೈಡ್ ಪೊರೆಯದು. ಹುಲ್ಲಿನ ಹಳದಿ ಅಂದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್, ನೀಲಿ ಅಂದರೆ ಸುಮಾರು 300. ನೀಲಿ ಬಾಯಿವರೆಗೂ ಬಂದರೆ ಅಲಗು ಮೆತ್ತಗಾಗುತ್ತೆ, ಬೇಗ ಮೊಂಡಾಗುತ್ತೆ. ಹಳದಿಗೇ ನಿಲ್ಲಿಸಿದರೆ ಗಡಸು ಜಾಸ್ತಿ, ಗಂಟಿಗೆ ಬಿದ್ದರೆ ಬಾಯಿ ಒಡೆಯಬಹುದು. ಯಜಮಾನರ ಹತ್ತಿರ ಥರ್ಮಾಮೀಟರ್ ಇಲ್ಲ. ಕಣ್ಣೇ ಎಲ್ಲ.

ಮೈಸೂರಿನ ಯುವಕನದು ಬೇರೆ ದಾರಿ. ಅವನ ಉಕ್ಕು ಬೇರಿಂಗ್ ಮಾಡುವ ಜಾತಿಯದು, 52100 ಅನ್ನುತ್ತಾರೆ. ಇಂಗಾಲ ಸುಮಾರು ಶೇ 1, ಕ್ರೋಮಿಯಂ ಸುಮಾರು ಶೇ 1.5. ಲಾರಿ ಪಟ್ಟಿಯಲ್ಲಿ ಇಂಗಾಲ ಶೇ 0.5ರಿಂದ 0.6ರ ಆಸುಪಾಸು. ಅವನು ಕಾಯಿಸುವಾಗ ಆಗಾಗ ಅಯಸ್ಕಾಂತ ಮುಟ್ಟಿಸಿ ನೋಡುತ್ತಾನೆ. ಸುಮಾರು 770 ಡಿಗ್ರಿ ದಾಟಿದರೆ ಉಕ್ಕು ಅಯಸ್ಕಾಂತಕ್ಕೆ ಅಂಟೋದಿಲ್ಲ. ಅದರ ಮೇಲೆ ಇನ್ನೂ ಸ್ವಲ್ಪ ಕಾಯಿಸಿ, ಬಿಸಿ ಮಾಡಿಟ್ಟ ಎಣ್ಣೆಗೆ ಇಳಿಸಿ, ಆಮೇಲೆ ಓವನ್‌ನಲ್ಲಿ 200 ಡಿಗ್ರಿಯಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಇಡುತ್ತಾನೆ. ಅಲೆಅಲೆ ಗೆರೆಯ ಡಮಾಸ್ಕಸ್ ಮಾಡಿಕೊಡ್ಲಾ ಅಂತಲೂ ಕೇಳಿದ. ಬೇಡ ಅಂದೆ. ಈಗ ಆ ಹೆಸರಲ್ಲಿ ಸಾಮಾನ್ಯವಾಗಿ ಸಿಗೋದು ಎರಡು ಜಾತಿಯ ಉಕ್ಕನ್ನು ಪದರ ಪದರವಾಗಿ ಬೆಸೆದು, ಆಸಿಡ್‌ನಲ್ಲಿ ಅದ್ದಿ ಗೆರೆ ಎಬ್ಬಿಸಿದ್ದು. ಚೆನ್ನಾಗಿರುತ್ತೆ, ಆದರೆ ಲಂಟಾನ ಗೆರೆ ನೋಡಿ ಬೀಳಲ್ಲ ಅಲ್ವಾ. ನಮ್ಮ ಸೀಮೆಯ ಹಳೇ ಉಕ್ಕು ಬೇರೆಯೇ ಇತ್ತು, ಮಣ್ಣಿನ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದದ್ದು. 1800ರಲ್ಲಿ ಮೈಸೂರು ಸೀಮೆ ಸುತ್ತಲು ಬಂದ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆ ಅದನ್ನು ನೋಡಿ ಬರೆದಿಟ್ಟಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದದ್ದನ್ನೂ ಬರೆದಿದ್ದಾನೆ. ಇರಲಿ, ನಾವು ಬದುವಿಗೆ ಬರೋಣ.

ಕೈಗೆ ತಗೊಂಡ ತಕ್ಷಣ ಅರ ಹಾಕಿ ನೋಡಿದೆ. ಹೊಸ ಅಲಗಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಮಚ್ಚಿನ ಬೆನ್ನಿಗೆ ಅರ ಕಚ್ಚಿತು, ಪುಡಿ ಉದುರಿತು. ಬಾಯಿಗೆ ಬಂದರೆ ಅರೆಬರೆ ಕಚ್ಚಿ ಜಾರಿತು. ಬೆನ್ನು ಮೆತ್ತಗೆ, ಬಾಯಿ ಗಡಸು. ಬೇಕಾದದ್ದೂ ಅದೇ. ಚೂರಿಯಲ್ಲಿ ಎಲ್ಲಿ ಹಾಕಿದರೂ ಅರ ಗಾಜಿನ ಮೇಲೆ ಎಳೆದ ಹಾಗೆ ಜಾರಿತು.

ಕೆಲಸಕ್ಕೆ ಇಳಿದಾಗ ಮಚ್ಚು ಮೊದಲು ಎಡಮಟ್ಟೆ ಮೇಲೆ ಗೆದ್ದಿತು. ಬಿದ್ದ ತೆಂಗಿನ ಗರಿಯ ದಪ್ಪ ಬುಡ ಎರಡೇ ಏಟಿಗೆ ತುಂಡು. ಸೀಮೆಜಾಲಿಯ ಮಣಿಕಟ್ಟಿನಷ್ಟು ದಪ್ಪದ ಕೊಂಬೆಗಳೂ ಹೆಚ್ಚು ತಕರಾರು ಮಾಡಲಿಲ್ಲ. ಲಂಟಾನಕ್ಕೆ ಬಂದಾಗ ಅಸಲಿ ಬಣ್ಣ ಗೊತ್ತಾಯಿತು. ಬೆರಳು ಗಾತ್ರದ ಕಡ್ಡಿಗಳು, ಬಗ್ಗುತ್ತವೆ, ತಿರುಗಿ ಮುಖಕ್ಕೆ ಬಡಿಯುತ್ತವೆ. ಅವನ್ನು ಕಡಿಯೋಕೆ ಭಾರಕ್ಕಿಂತ ವೇಗ ಮುಖ್ಯ. ಈ ಮಚ್ಚು ಕಡ್ಡಿಯನ್ನು ಕಡಿಯದೆ ಆ ಕಡೆ ತಳ್ಳುತ್ತಿತ್ತು. ಸಿಪ್ಪೆ ಜಜ್ಜಿ ನಾರು ಬಿಡುತ್ತಿತ್ತು. ತೋಟದಲ್ಲಿ ಕೆಲಸ ಮಾಡುವ ಅಣ್ಣ ಒಬ್ಬರು ಕೈಗೆ ತಗೊಂಡು ನಾಲ್ಕು ಏಟು ಬೀಸಿ, "ಇದೇನು ಮಚ್ಚೋ ರೈಲು ಕಂಬಿಯೋ?" ಅಂದು ತಮ್ಮ ಹಳೇ ಮಚ್ಚನ್ನೇ ಎತ್ತಿಕೊಂಡರು. ಅವರದು ಸವೆದು ಸವೆದು ಅರ್ಧ ಅಗಲವಾಗಿದೆ, ಆದರೆ ಲಂಟಾನ ಸರಸರ ಬೀಳುತ್ತಿತ್ತು.

ಉಕ್ಕಿನಲ್ಲೂ ದೋಷ ಇರಲಿಲ್ಲ, ಹದದಲ್ಲೂ ಇರಲಿಲ್ಲ. ಬಾಯಿಯ ಹಿಂದಿನ ದಪ್ಪವೇ ಅಡ್ಡಿ. ಕ್ಯಾಲಿಪರ್ ಹಿಡಿದು ನೋಡಿದರೆ ಬಾಯಿಯಿಂದ ಬರೀ 3 ಮಿ.ಮೀ. ಮೇಲೆ ಅಲಗು ಸುಮಾರು 2 ಮಿ.ಮೀ. ದಪ್ಪ ಇತ್ತು. ಬಾಯಿ ಎಷ್ಟೇ ಚೂಪಿದ್ದರೂ ಅದರ ಹಿಂದೆ ಇಷ್ಟು ದಪ್ಪ ಬಂದರೆ ಬೆಣೆ ಹೊಡೆದ ಹಾಗೇ. ಕುಲುಮೆಯವರು ಬೇಕಂತಲೇ ಹೀಗೆ ಬಿಡುತ್ತಾರೆ. ರೈತ ವರ್ಷಗಟ್ಟಲೆ ಸಾಣೆ ಹಿಡಿಯುತ್ತಾನೆ, ಸವೆದು ತಾನೇ ತೆಳ್ಳಗಾಗುತ್ತೆ ಅನ್ನೋ ಲೆಕ್ಕ. ಅಣ್ಣನ ಹಳೇ ಮಚ್ಚು ಚೆನ್ನಾಗಿರೋ ಗುಟ್ಟೂ ಅದೇ. ನನಗೆ ಅಷ್ಟು ವರ್ಷ ಕಾಯೋ ತಾಳ್ಮೆ ಇರಲಿಲ್ಲ.

ಹಾಗಾಗಿ ತೆಳ್ಳಗೆ ಮಾಡಲು ಕೂತೆ. ಗ್ರೈಂಡರ್ ಯಂತ್ರ ಪಕ್ಕಕ್ಕಿಟ್ಟೆ. ತೆಳು ಬಾಯಿಗೆ ಯಂತ್ರ ತಾಗಿದರೆ ಕ್ಷಣದಲ್ಲಿ ನೀಲಿ ಏಳುತ್ತೆ. ಕುಲುಮೆಯಲ್ಲಿ ಅಷ್ಟು ಕಾದು ತಂದ ಹದ ಅಲ್ಲಿಗೆ ಮುಗೀತು. ಅಲಗನ್ನು ಹಲಗೆಗೆ ಕ್ಲಾಂಪ್ ಹಾಕಿ ಬಿಗಿದು, ಬಾಯಿಯಿಂದ ಒಂದು ಬೆರಳು ಅಗಲಕ್ಕೆ ಮಾರ್ಕರ್ ಪೆನ್ನಿನಲ್ಲಿ ಕಪ್ಪು ಬಳಿದೆ. ಅರವನ್ನು ಬೆನ್ನಿನ ಕಡೆಯಿಂದ ತುಂಬ ಚಪ್ಪಟೆಯಾಗಿ ತಂದು ಉಜ್ಜಿದೆ. ಕಪ್ಪು ಎಲ್ಲಿ ಹೋಯಿತೋ ಅಲ್ಲಿ ಅರ ತಾಗಿದೆ ಅಂತ ಅರ್ಥ. ಎರಡೂ ಬದಿಗೆ ಲೆಕ್ಕ ಇಟ್ಟು ಸಮನಾಗಿ. ಗಡಸು ಭಾಗದಲ್ಲಿ ಅರ ಜಾರತೊಡಗಿದ ಮೇಲೆ ಒರಟು ಸಾಣೆಕಲ್ಲು, ನೀರು ಹಾಕುತ್ತಾ. ಕೊನೆಗೆ ಬಾಯಿಯ ಹಿಂದೆ ಸುಮಾರು 1 ಮಿ.ಮೀ. ಉಳಿಯಿತು. ಅದರ ಮೇಲೆ ಒಂದೊಂದು ಬದಿಗೂ 25 ಡಿಗ್ರಿ ಅಂದಾಜಿನಲ್ಲಿ ಬಾಯಿ ಕೊಟ್ಟು, ಮೂಲೆ ಏಳದಂತೆ ಸ್ವಲ್ಪ ಗುಂಡಾಗಿ ಉಜ್ಜಿದೆ. ಬೇಸರದ ಕೆಲಸ, ಭುಜ ಹಿಡಿದುಕೊಳ್ಳುತ್ತೆ. ಆದರೆ ಮಚ್ಚೇ ಬೇರೆ ಆಯಿತು. ಲಂಟಾನದ ಬುಡಕ್ಕೆ ಓರೆಯಾಗಿ ಬೀಸಿದರೆ ಕಡ್ಡಿ ಬಗ್ಗುವ ಮೊದಲೇ ತುಂಡಾಗುತ್ತಿತ್ತು.

ಬದುವಿನ ಮಣ್ಣಲ್ಲಿ ಮುಚ್ಚಿಹೋಗಿದ್ದ ಒಂದು ಕಲ್ಲಿಗೂ ಬಡಿಯಿತು. ಬಾಯಿ ಒಂದು ಕಡೆ ಚೂರು ಮಡಚಿತೇ ಹೊರತು ಮುರಿಯಲಿಲ್ಲ. ಮಡಚಿದ್ದನ್ನು ಕಲ್ಲಿನಲ್ಲಿ ಉಜ್ಜಿ ಸರಿ ಮಾಡಿದೆ. ಯಜಮಾನರ ಕಣ್ಣಿಗೆ ನನ್ನದೊಂದು ನಮಸ್ಕಾರ.

ಹಿಡಿ ಮಾತ್ರ ಗುಂಡಗಿತ್ತು. ಕೈ ಬೆವೆತರೆ ತಿರುಗುತ್ತೆ, ಏಟು ಅಡ್ಡ ಬೀಳುತ್ತೆ. ಅದು ಅಪಾಯ. ಎರಡೂ ಬದಿ ಒರಟು ಅರದಲ್ಲಿ ಉಜ್ಜಿ ಮೊಟ್ಟೆ ಆಕಾರಕ್ಕೆ ತಂದೆ. ಕೊನೆಯಲ್ಲಿದ್ದ ಕೊಕ್ಕೆ ಹಾಗೇ ಉಳಿಸಿದೆ, ಕಿರುಬೆರಳಿಗೆ ಆಸರೆ.

ಚೂರಿಯ ಬಗ್ಗೆ ಕಡಿಮೆ ಹೇಳಿದರೆ ಸಾಕು, ಅದು ಬಂದಾಗಲೇ ಸಿದ್ಧವಾಗಿತ್ತು. ಹಗ್ಗ, ಡ್ರಿಪ್ ಪೈಪು, ಗೊಬ್ಬರದ ಚೀಲ, ಬಿದಿರು ಸೀಳೋದು, ಎಲ್ಲದಕ್ಕೂ ಕೈ ಅದಕ್ಕೇ ಹೋಗುತ್ತೆ. ಬೆನ್ನಿಗೆ ಕೊರಡಿನಿಂದ ಹೊಡೆದು ಸೌದೆ ಸೀಳಬಹುದು ಅಂತ ಇಂಥ ಚೂರಿಗಳನ್ನು ಮಾರುತ್ತಾರೆ. ಹೊಡೆದು ನೋಡಿದೆ, ಸೀಳಿತು. ಮನೆಯಲ್ಲಿ ಕೊಡಲಿ ಇಟ್ಟುಕೊಂಡು ಚೂರಿಗೆ ಯಾಕೆ ಬಡಿಯಬೇಕು ಅನ್ನೋದು ನನಗಂತೂ ಅರ್ಥವಾಗಿಲ್ಲ. ಒಣ ಬಿದಿರಿನ ಗಂಟಿನಲ್ಲಿ ಸ್ವಲ್ಪ ತಿರುಚಿದಾಗ ಬಾಯಿಯಲ್ಲಿ ಎರಡು ಸೂಜಿಮೊನೆಯಷ್ಟು ಚಕ್ಕೆ ಎದ್ದಿದ್ದವು, ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಮಾತ್ರ ಮಿಣುಕುತ್ತವೆ. ಗಡಸು ಉಕ್ಕಿನ ಸ್ವಭಾವವೇ ಅದು. ಮಚ್ಚು ಮಡಚುತ್ತೆ, ಇದು ಚಕ್ಕೆ ಬಿಡುತ್ತೆ. ಅದರ ಬದಲಿಗೆ ಚೂಪು ಬಹಳ ಹೊತ್ತು ನಿಲ್ಲುತ್ತೆ.

ಎರಡೂ ಸ್ಟೇನ್‌ಲೆಸ್ ಅಲ್ಲ. ಶೇ 1.5 ಕ್ರೋಮಿಯಂ ತುಕ್ಕು ತಡೆಯೋದಿಲ್ಲ, ಅದಕ್ಕೆ ಕಡಿಮೆ ಅಂದರೂ ಶೇ 10.5 ಬೇಕು. ಚೂರಿಯಲ್ಲಿ ಮಾವಿನಕಾಯಿ ಹೆಚ್ಚಿ ಹಾಗೇ ಇಟ್ಟರೆ ಸ್ವಲ್ಪ ಹೊತ್ತಿಗೇ ಬೂದು ನೀಲಿ ಕಲೆ. ಅದರಿಂದ ತೊಂದರೆ ಇಲ್ಲ. ಕೆಂಪು ತುಕ್ಕು ಕಂಡರೆ ಮಾತ್ರ ಉಜ್ಜಿ ತೆಗೆಯಬೇಕು. ಕೆಲಸ ಮುಗಿದ ಮೇಲೆ ಒರೆಸಿ, ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆ ಸವರುತ್ತೇನೆ. ಜೊತೆಗೆ ಬಂದ ಚರ್ಮದ ಒರೆ ನೋಡೋಕೆ ಲಕ್ಷಣವಾಗಿದೆ, ಆದರೆ ಚರ್ಮ ತೇವ ಹಿಡಿದಿಡುತ್ತೆ. ಹೊರಗೆ ಹೋಗುವಾಗ ಒರೆಯಲ್ಲಿ, ಮನೆಯಲ್ಲಿ ಒರೆಯ ಹೊರಗೆ.

ಒಯ್ಯುವ ಬಗ್ಗೆಯೂ ಒಂದು ಮಾತು. ಆಯುಧ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಸಾಲಿಗೆ ಸೇರಿಸಿದ್ದಾರೆ. ಮನೆ ಬಳಕೆ, ಬೇಸಾಯ, ಕೈಗಾರಿಕೆಗೆಂದೇ ಮಾಡಿದವಕ್ಕೆ ವಿನಾಯಿತಿ ಇದೆ. ತೋಟದಲ್ಲಿ ಮಚ್ಚು ಹಿಡಿದರೆ ಯಾರೂ ಏನೂ ಕೇಳಲ್ಲ. ಅದನ್ನೇ ಬೈಕಿಗೆ ಸಿಗಿಸಿಕೊಂಡು ಮೈಸೂರು ಪೇಟೆಯಲ್ಲಿ ತಿರುಗಿದರೆ ಪೊಲೀಸರು ಕೇಳೇ ಕೇಳುತ್ತಾರೆ. ಗೋಣಿಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟು ತೋಟಕ್ಕೆ ನೇರ ಹೋಗೋದು ಒಳ್ಳೆಯದು.

ಮೊನ್ನೆ ಮತ್ತೆ ಕುಲುಮೆಗೆ ಹೋಗಿ ಇನ್ನೊಂದಕ್ಕೆ ಹೇಳಿ ಬಂದೆ. ಬೆನ್ನು 4 ಮಿ.ಮೀ. ಮೀರಬಾರದು, ಬಾಯಿ ಕಡೆ ಬಡಿದೇ ತೆಳ್ಳಗೆ ತರಬೇಕು, ಹಿಡಿ ಗುಂಡಗೆ ಬೇಡ ಅಂತ. ಯಜಮಾನರು ನಕ್ಕು, "ದಪ್ಪ ಬಿಡೋದು ಸಲೀಸು ಸ್ವಾಮಿ, ತೆಳ್ಳಗೆ ಮಾಡೋಕೆ ಇನ್ನೆರಡು ಕಾವು ಬೇಕು, ಇದ್ದಲೂ ಜಾಸ್ತಿ, ಕಾಸೂ ಜಾಸ್ತಿ ಆಯ್ತದೆ" ಅಂದರು. ಆಗಲಿ ಅಂತ ಮುಂಗಡ ಕೊಟ್ಟು ಬಂದಿದ್ದೇನೆ.