ಬಿಸಿಲೂರಿನ ಕೂಸಿನ ಮನೆ: ಬೆಳಗಿನಿಂದ ಸಂಜೆತನಕ

ಕಲಬುರಗಿಯಲ್ಲಿ ಏಪ್ರಿಲ್, ಮೇ ಬಂತೆಂದರೆ ಬಿಸಿಲು 42 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಕೂಲಿಗೆ ಹೋಗುವ ತಾಯಂದಿರು ಮಕ್ಕಳನ್ನು ಬಿಟ್ಟುಹೋಗುವ ಪಾಲನಾ ಕೇಂದ್ರವೇ ಕೂಸಿನ ಮನೆ. ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವವರು ಇಲ್ಲಿ ದಿನಚರಿಯನ್ನು ಬಿಸಿಲು ನೋಡಿಯೇ ಹಾಕಬೇಕು. ಅಂಗಳದ ಆಟ 9 ಗಂಟೆಯೊಳಗೆ, ಊಟ 11.30ಕ್ಕೆ. 12ರಿಂದ 4ರವರೆಗೆ ಒಂದು ಮಗುವೂ ಹೊರಗೆ ಕಾಲಿಡಬಾರದು.

ಬಾಗಿಲಲ್ಲೇ ವಿಚಾರಣೆ

ಕೂಲಿಗೆ ಹೊರಟ ತಾಯಿ ಅವಸರದಲ್ಲಿರುತ್ತಾಳೆ. ಆದರೂ ಒಂದು ನಿಮಿಷ ನಿಲ್ಲಿಸಿ: ‘ರಾತ್ರಿ ಜ್ವರ ಬಂದಿತ್ತೇನವ್ವಾ? ಔಷಧ ಹಾಕೀಯೇನು?’ ಈ ಎರಡನೇ ಪ್ರಶ್ನೆಯೇ ಮುಖ್ಯ. ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ ತಂದ ಮಗುವಿನ ಮೈ ಬೆಳಿಗ್ಗೆ ತಣ್ಣಗಿರುತ್ತದೆ. ನಾಲ್ಕಾರು ತಾಸಿನಲ್ಲಿ ಔಷಧದ ಬಲ ಇಳಿದು ಮಧ್ಯಾಹ್ನ ಜ್ವರ ಏರುತ್ತದೆ. ಅಷ್ಟೊತ್ತಿಗೆ ತಾಯಿ ಹೊಲದಲ್ಲಿ. ಕೊರಳಲ್ಲಿ ತಾಯಿತದ ದಾರ, ಅಂಗಿಗೆ ಪಿನ್ನು ಇದ್ದರೆ ಅವಳ ಕೈಯಿಂದಲೇ ತೆಗೆಸಿ. ದಾರ ಎಲ್ಲಿಗಾದರೂ ಸಿಕ್ಕಿಕೊಂಡರೆ ಕುತ್ತಿಗೆಗೆ ಉರುಲು.

ಹತ್ತು ಮಕ್ಕಳ ಕಿಚಡಿ

ಅಕ್ಕಿ 300 ಗ್ರಾಂ, ತೊಗರಿ ಅಥವಾ ಹೆಸರುಬೇಳೆ 150 ಗ್ರಾಂ, ಹೆಚ್ಚಿದ ಗಜ್ಜರಿ, ಪಾಲಕ್ ಸೇರಿ 200 ಗ್ರಾಂ, ನೀರು 2 ಲೀಟರ್. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಬೇಳೆಯ ನೊರೆ ಉಕ್ಕಿ ಸೀಟಿಯ ತೂತು ಕಟ್ಟಿಕೊಳ್ಳುತ್ತದೆ. ಚೆನ್ನಾಗಿ ಬೆಂದ ಮೇಲೆ ಮಸೆದು, ವರ್ಷ ತುಂಬದ ಮಕ್ಕಳ ಪಾಲನ್ನು ಉಪ್ಪು ಹಾಕುವ ಮುಂಚೆಯೇ ತೆಗೆದಿಡಿ. ಬಡಿಸುವಾಗ ಪ್ರತಿ ಬಟ್ಟಲಿಗೆ ಒಂದು ಚಮಚ ತುಪ್ಪ ಇಲ್ಲವೇ ಎಣ್ಣೆ.

ಸಾಮಾನ್ಯವಾಗಿ ಎಡವುವುದು ಇಲ್ಲೇ: ನುಂಗಲು ಸಲೀಸಾಗಲೆಂದು ನೀರು ಸುರಿದು ತೆಳ್ಳಗೆ ಮಾಡುತ್ತಾರೆ. ಹೊಟ್ಟೆ ತುಂಬುತ್ತದೆ, ಕಸುವು ಸಿಗುವುದಿಲ್ಲ. ಚಮಚ ಓರೆ ಮಾಡಿದರೆ ಕಿಚಡಿ ಸುರಿಯದೆ ನಿಲ್ಲಬೇಕು. 9ರಿಂದ 11 ತಿಂಗಳ ಮಗುವಿಗೆ 250 ಮಿಲಿ ಬಟ್ಟಲಿನ ಅರ್ಧ, ವರ್ಷ ದಾಟಿದವರಿಗೆ ಮುಕ್ಕಾಲರಿಂದ ಒಂದು ಬಟ್ಟಲು. ಈ ಸೆಕೆಗೆ ಒಂದು ತಾಸಿನ ಮೇಲೆ ಹೊರಗೆ ಉಳಿದ ಅಡುಗೆ ಬಡಿಸಬೇಡಿ. ಇಡೀ ಶೇಂಗಾ, ಪುಟಾಣಿ, ಬೀಜವಿರುವ ಬಾರಿಹಣ್ಣು ಕೈಗೆ ಸಿಗಬಾರದು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ. ವರ್ಷದೊಳಗೆ ಜೇನುತುಪ್ಪ ಬೇಡವೇ ಬೇಡ.

ಕೂಲರ್ ಮತ್ತು ನಿದ್ದೆ

ಕಿಟಕಿಗಳನ್ನೆಲ್ಲ ಮುಚ್ಚಿ ಕೂಲರ್ ಹಚ್ಚಿದರೆ ಕೋಣೆ ತಂಪಾಗದು, ಜಿಗಿಜಿಗಿ ಆಗುತ್ತದೆ. ಎದುರಿನ ಕಿಟಕಿ ಒಂದು ಗೇಣು ತೆರೆದಿಡಿ. ಕಬ್ಬಿಣದ ಕೂಲರ್‌ಗೆ ಅರ್ಥಿಂಗ್ ಇರಲೇಬೇಕು, ನೀರು ತುಂಬುವಾಗ ಪ್ಲಗ್ ಕಿತ್ತಿಡಬೇಕು. ಡೆಂಗಿ ಸೊಳ್ಳೆಯ ಮೊಟ್ಟೆ ತೊಟ್ಟಿಯ ಗೋಡೆಗೆ ಅಂಟಿಕೊಂಡಿರುವುದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಾಲದು. ಉಜ್ಜಿ ತೊಳೆದು ಒಣಗಿಸಿ.

ಹಸುಗೂಸುಗಳನ್ನು ಬಿಗಿಯಾಗಿ ಹಾಸಿದ ಕೌದಿಯ ಮೇಲೆ ಅಂಗಾತ ಮಲಗಿಸಿ, ದಿಂಬು ಬೇಡ. ಸೀರೆಯ ಜೋಲಿ ಕೇಂದ್ರದಲ್ಲಿ ಬೇಡ: ಎದ್ದು ಕೂರಲು ಕಲಿತ ಮಗು ಅದರೊಳಗೆ ಹೊರಳಿ ಕೊರಳು ಸುತ್ತಿಕೊಳ್ಳಬಹುದು.

ಶಹಾಬಾದ್ ಕಲ್ಲಿನ ನೆಲ ತಂಪೇನೋ ಹೌದು, ಒದ್ದೆಯಾದರೆ ಜಾರುತ್ತದೆ. ಬಚ್ಚಲಿಗೆ ಹೊರಗಿನಿಂದ ಚಿಲಕವಿರಲಿ. ನೀರಿನ ಅಭಾವಕ್ಕೆಂದು ತುಂಬಿಟ್ಟ ಬಕೆಟ್ಟುಗಳಿಗೆ ಮುಚ್ಚಳ ಹಾಕಿ. ನಾಲ್ಕು ಬೆರಳು ನೀರಿನಲ್ಲೂ ತಲೆಕೆಳಗಾಗಿ ಬಿದ್ದ ಮಗು ಮುಳುಗುತ್ತದೆ.

ಭೇದಿ, ಬಿಸಿಲ ಹೊಡೆತ

ಒಂದು ಲೀಟರ್ ಅಳತೆಯ ಓಆರ್‌ಎಸ್ ಪೊಟ್ಟಣವನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಸುರಿಯಿರಿ. ಅರ್ಧ ಪೊಟ್ಟಣ, ಅಂದಾಜಿನ ನೀರು ಎಂದರೆ ಉಪ್ಪಿನ ಲೆಕ್ಕ ತಪ್ಪುತ್ತದೆ. ಎರಡು ವರ್ಷದೊಳಗಿನವರಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ, ಚಮಚದಿಂದ ನಿಧಾನವಾಗಿ. 24 ತಾಸಿನ ಮೇಲೆ ಉಳಿದದ್ದನ್ನು ಚೆಲ್ಲಿ. ಕಣ್ಣು ಗುಳಿಬಿದ್ದರೆ ಇಲ್ಲವೇ ಆರು ತಾಸು ಮೂತ್ರ ಹೋಗದಿದ್ದರೆ ಆಸ್ಪತ್ರೆಗೆ ಒಯ್ಯಿರಿ. ಬಿಸಿಲಿಗೆ ಮೈ ಕೆಂಡವಾಗಿ ಮಗು ಮಂಕಾದರೆ 108ಕ್ಕೆ ಕರೆ ಮಾಡಿ, ಗಾಡಿ ಬರುವತನಕ ಒದ್ದೆ ಅರಿವೆ ಒರೆಸುತ್ತ ಗಾಳಿ ಹಾಕಿ. ಈ ಬಿಸಿಗೆ ಪ್ಯಾರಾಸಿಟಮಾಲ್ ಕೆಲಸ ಮಾಡದು.

ಸಂಜೆ ಒಪ್ಪಿಸುವಾಗ

ಬೆಳಿಗ್ಗೆ ಯಾರ ಹೆಸರು ಬರೆಸಿದ್ದಾರೋ ಅವರ ಕೈಗೇ ಮಗು. ‘ನಾನು ಕೂಸಿನ ಕಾಕಾ’ ಎಂದು ಬಂದವರನ್ನು ಕೂರಿಸಿ ತಾಯಿಗೆ ಫೋನ್ ಹಚ್ಚಿ. ಎಷ್ಟು ಉಂಡಿತು, ಎಷ್ಟು ಸಲ ಮೂತ್ರ ಹೋಯಿತು, ಎಲ್ಲಿ ತರಚಿತು ಎಂಬುದನ್ನು ಮುಚ್ಚಿಡದೆ ಹೇಳಿ.